ಬಿಸಿಲಿನ ತಪ್ಪೋ, ಪೆಟ್ಟಿಗೆಯ ತಪ್ಪೋ?

ರಾಯಚೂರು, ಏಪ್ರಿಲ್

ತಂಗಿಯ ಮಗ ಬಿಡಿಭಾಗ ತರಿಸಿ ತಾನೇ ಜೋಡಿಸಿದ ಕಂಪ್ಯೂಟರ್. ಒಳಗೆ ಇಂಟೆಲ್ ಕೋರ್ ಐ5-12400. ವಿಡಿಯೊ ಎಡಿಟಿಂಗ್ ಶುರುವಾದರೆ ಪ್ರೊಸೆಸರ್ 83 ಡಿಗ್ರಿಗೆ ಏರಿ ನಿಲ್ಲುತ್ತದೆ. ಡಿಸೆಂಬರ್‌ನಲ್ಲಿ ಇದೇ ಕೆಲಸಕ್ಕೆ 68 ದಾಟುತ್ತಿರಲಿಲ್ಲ. ಎರಡೂ ಸಲ ಫ್ಯಾನ್ ಪೂರ್ತಿ ವೇಗದಲ್ಲೇ ಇತ್ತು.

“ಪೇಸ್ಟ್ ಒಣಗೈತಿ ಮಾಮಾ, ಬದಲಿ ಮಾಡೂಣು” ಅಂತಾನೆ. ಶಾಖ ದಾಟಿಸಲು ಪ್ರೊಸೆಸರಿಗೆ ಹಚ್ಚಿದ ಪೇಸ್ಟ್ ಒಂದು ಚಳಿಗಾಲ ಕಳೆಯುವಷ್ಟರಲ್ಲಿ ಒಣಗೀತೆ? ಗೋಡೆಯ ಥರ್ಮಾಮೀಟರ್ ನೋಡಿದೆ: ಕೋಣೆಯೊಳಗೆ 41. ಡಿಸೆಂಬರ್‌ನಲ್ಲಿ ಅವನೇ ಬರೆದಿಟ್ಟದ್ದು 26. ಪ್ರೊಸೆಸರಿನ ಬಿಸಿಯಿಂದ ಕೋಣೆಯ ಬಿಸಿ ಕಳೆದರೆ ಆಗಲೂ 42, ಈಗಲೂ 42.

ಹಾಗಾದರೆ ಪೆಟ್ಟಿಗೆಯೊಳಗೆ ಏನೂ ಕೆಟ್ಟಿಲ್ಲ. ಫ್ಯಾನಿಗೆ ಸಿಗುವುದು ಕೋಣೆಯ ಗಾಳಿ; ಅದು ಎಷ್ಟೇ ಜೋರಾಗಿ ತಿರುಗಲಿ, ಆ ಗಾಳಿಗಿಂತ ತಂಪಾಗಿ ಏನನ್ನೂ ಇಡಲಾರದು. ನೋಡಬೇಕಾದ ಅಂಕಿ ಪ್ರೊಸೆಸರಿನದಲ್ಲ, ಅಂತರದ್ದು. ಅಂತರ ಇದ್ದಷ್ಟೇ ಇದ್ದರೆ ಬಿಸಿಲಿನ ತಪ್ಪು. ಬೆಳೆದಿದ್ದರೆ ಪೆಟ್ಟಿಗೆಯ ತಪ್ಪು.

ಅದೇ ಮನೆ, ಸಂಜೆ

“ಸುಟ್ಟು ಹೋಗ್ತೈತೇನ್ರಿ?” ಎಂದು ತಂಗಿಗೆ ಚಿಂತೆ. ಈ ಪ್ರೊಸೆಸರಿನ ಮಿತಿ 100 ಡಿಗ್ರಿ. ಅಲ್ಲಿಗೆ ಮುಟ್ಟುತ್ತಲೇ ಅದು ತಾನಾಗಿಯೇ ವೇಗ ಇಳಿಸಿಕೊಳ್ಳುತ್ತದೆ. ಆಗಲೂ ತಡೆಯದಿದ್ದರೆ ಕಂಪ್ಯೂಟರೇ ಆಫ್ ಆಗುತ್ತದೆ. ಸುಡುವುದಕ್ಕಿಂತ ಬಹಳ ಮೊದಲೇ ನಿಧಾನವಾಗುತ್ತದೆ. “ಹಳೇದಾಯ್ತು, ಸ್ಲೋ ಆಗೈತಿ” ಎಂದು ಜನ ಮಾರಿಬಿಡುವ ಯಂತ್ರಗಳಲ್ಲಿ ಎಷ್ಟಕ್ಕೆ ಬರೀ ಬಿಸಿಯ ಕಾಟವಿತ್ತೋ!

ಇನ್ನೊಂದು ಒಗಟು: ಪ್ರೊಸೆಸರಿನ ಡಬ್ಬಿಯ ಮೇಲೆ 65 ವ್ಯಾಟ್. ಆದರೆ ರಭಸದ ಕೆಲಸಕ್ಕೆ ಅದು 117 ವ್ಯಾಟ್‌ವರೆಗೆ ಎಳೆಯಬಹುದೆಂದು ಕಂಪನಿಯೇ ಹೇಳುತ್ತದೆ. ಇದು ಸ್ವಲ್ಪ ಹೊತ್ತಿಗಷ್ಟೇ ಎಂಬ ಕಟ್ಟಳೆಯನ್ನು ಕೆಲವು ಮದರ್‌ಬೋರ್ಡ್‌ಗಳು ಕೊಂಡಾಗಲೇ ಸಡಿಲಿಸಿರುತ್ತವೆ. ಬಯಾಸ್‌ಗೆ ಹೋಗಿ 65ಕ್ಕೆ ಕಟ್ಟಿಹಾಕಿದೆವು. ಬಿಸಿ ಚೆನ್ನಾಗಿ ಇಳಿಯಿತು. ವಿಡಿಯೊ ಮುಗಿಯಲು ತುಸು ಹೆಚ್ಚು ಹೊತ್ತು ಹಿಡಿಯಿತು. ಹುಡುಗನಿಗೆ ಇದು ಒಪ್ಪಿಗೆಯಾಗಲಿಲ್ಲ: “ದುಡ್ಡು ಕೊಟ್ಟ ವೇಗ ಯಾಕ ಬಿಡ್ಬೇಕ್ರಿ?” ಮತ್ತೆ ಮೊದಲಿನಂತೆ ಮಾಡಿದ.

ದೇವದುರ್ಗ

ಇದು ಬೇರೊಂದು ಕಂಪ್ಯೂಟರ್: ರಾಯಚೂರಿನಲ್ಲಿ ಜೋಡಿಸಿ, ಗಬ್ಬೂರಿನ ದಾರಿಯಲ್ಲಿ ಗೂಡ್ಸ್ ಆಟೊದಲ್ಲಿ ಬಂದ ಪೆಟ್ಟಿಗೆ. ಹೊರಡುವಾಗ ಸರಿಯಿತ್ತು. ಇಲ್ಲಿ ಕೆಲಸ ಹಚ್ಚಿದ ಕೆಲವೇ ಸೆಕೆಂಡಿನಲ್ಲಿ 98. ಧೂಳು ಕೂರುವಷ್ಟು ಹೊತ್ತೇ ಆಗಿಲ್ಲ.

ಏರುವ ವೇಗವೇ ಗುಟ್ಟು ಬಿಟ್ಟುಕೊಟ್ಟಿತು. ಗಾಳಿ ಸಾಲದಿದ್ದರೆ ಮೊದಲು ಪ್ರೊಸೆಸರಿನ ಮೇಲೆ ಕೂತ ಲೋಹದ ಹೀಟ್‌ಸಿಂಕ್ ಕಾಯಬೇಕು, ಆಮೇಲೆ ಪ್ರೊಸೆಸರ್, ನಿಮಿಷಗಟ್ಟಲೆ ಹಿಡಿಯುತ್ತದೆ. ಒಂದೇ ನೆಗೆತಕ್ಕೆ ಏರಿತೆಂದರೆ ಶಾಖ ಹೀಟ್‌ಸಿಂಕಿಗೆ ದಾಟುತ್ತಲೇ ಇಲ್ಲ. ಮುಟ್ಟಿ ನೋಡಿದರೆ ನಿಜ: ಒಳಗೆ 98, ಮೇಲಿನ ಅಲ್ಯೂಮಿನಿಯಂ ಬರೀ ಬೆಚ್ಚಗೆ. ಕಂಪನಿಯ ಕೂಲರನ್ನು ಹಿಡಿದಿಡುವ ನಾಲ್ಕು ಪ್ಲಾಸ್ಟಿಕ್ ಪಿನ್ನುಗಳಲ್ಲಿ ಒಂದು ಮೇಲೆದ್ದಿತ್ತು. ಅಂಗಡಿಯ ಹುಡುಗ ಹಳೆಯ ಪೇಸ್ಟ್ ಒರೆಸಿ, ಹೊಸದು ಹಾಕಿ, ಪಿನ್ನುಗಳನ್ನು ಎದುರುಬದುರಾಗಿ ಒತ್ತಿದ. ಬೋರ್ಡಿನ ಹಿಂದಿನಿಂದಲೂ ನೋಡಿ ಖಾತ್ರಿ ಮಾಡಿಕೊಂಡ. ಅಲ್ಲಿಗೆ ಮುಗಿಯಿತು.

ಮಾನ್ವಿ

ತುಂಗಭದ್ರಾ ಎಡದಂಡೆ ಕಾಲುವೆಯಿಂದ ಭತ್ತ, ಭತ್ತದಿಂದ ರೈಸ್ ಮಿಲ್, ಮಿಲ್ಲಿನಿಂದ ತೌಡು ಹೊಟ್ಟಿನ ಧೂಳು. ಪರಿಚಯದವರ ಮಿಲ್ಲಿನ ಆಫೀಸಿನಲ್ಲಿ ಲೆಕ್ಕ ಬರೆಯುವ ಕಂಪ್ಯೂಟರ್. ಕೋಣೆ 38, ಪ್ರೊಸೆಸರ್ 91. ಅಂತರ 53.

ಪಕ್ಕದ ತಗಡು ತೆಗೆದು ನೋಡಿದೆವು; ಎರಡೇ ಡಿಗ್ರಿ ಇಳಿಯಿತು. ಹತ್ತೋ ಹದಿನೈದೋ ಇಳಿದಿದ್ದರೆ ಕ್ಯಾಬಿನೆಟ್‌ಗೆ ಗಾಳಿ ಸಾಲದು ಅನ್ನಬಹುದಿತ್ತು. ಹಾಗಿಲ್ಲವಾದ್ದರಿಂದ ಹೀಟ್‌ಸಿಂಕ್ ಮೇಲೇ ಅನುಮಾನ. ಫ್ಯಾನ್ ಬಿಚ್ಚಿದರೆ ಅದರ ಕೆಳಗೆ ರೆಕ್ಕೆಗಳ ಸಂದು ತುಂಬಿ ಕಂಬಳಿ ಹೊದಿಸಿದಂತಿತ್ತು. ಮೇಲಿನಿಂದ ಫ್ಯಾನ್ ತಿರುಗುವುದಷ್ಟೇ ಕಾಣುತ್ತಿತ್ತು; ಗಾಳಿ ಮಾತ್ರ ಒಳಗೆ ಇಳಿಯುತ್ತಿರಲಿಲ್ಲ. ಬ್ರಷ್ಷಿನಿಂದ ಸಡಿಲಿಸಿ, ಅಂಗಳಕ್ಕೊಯ್ದು ಬ್ಲೋವರ್ ಹಿಡಿದೆವು. (ಊದುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ತಡೆದಿರಬೇಕು, ಗಾಳಿಯ ರಭಸಕ್ಕೆ ಮಿತಿಮೀರಿ ತಿರುಗಿದರೆ ಬೇರಿಂಗ್ ಕೆಡಬಹುದು.) ಮರಳಿ ಕೂರಿಸಿದ ಮೇಲೆ ಅಂತರ 36.

ತಗಡು ತೆಗೆದೇ ಇಡೋಣ ಎಂದರು ಮಿಲ್ಲಿನವರು. ಎರಡು ಡಿಗ್ರಿಯ ಆಸೆಗೆ ಇಡೀ ಮದರ್‌ಬೋರ್ಡಿಗೆ ತೌಡು ಉಣಿಸುವುದೆ?

ಮತ್ತೆ ರಾಯಚೂರು, ಮೇ

ಹುಡುಗ ಏರ್ ಕೂಲರನ್ನು ಪೆಟ್ಟಿಗೆಯ ಎದುರಿಗೇ ಇಟ್ಟಿದ್ದಾನೆ. ಹೊರಗೆ ಒಣ ಸೆಕೆ, ಹಾಗಾಗಿ ನೀರು ಚೆನ್ನಾಗಿ ಆರುತ್ತದೆ. ಕೋಣೆ 41ರಿಂದ 33ಕ್ಕೆ ಇಳಿದರೆ ಪ್ರೊಸೆಸರ್ 83ರಿಂದ 75ಕ್ಕೆ. ಅಂತರ ಅದೇ 42. ಲೆಕ್ಕ ಸರಿ ಹೋಯಿತೆಂದು ಖುಷಿಯಾಯಿತು.

ತಿಂಗಳ ಕೊನೆಗೆ ನೋಡಿದರೆ ಅಂತರ 47. ಕೂಲರಿನ ಪಸೆಗೆ ಧೂಳು ಹಾರದೆ ರೆಕ್ಕೆಗಳಿಗೆ ಮೆತ್ತಿಕೊಂಡಿದೆ. ತಂಪು ಮಾಡಲು ತಂದದ್ದೇ ತಂಪಿಗೆ ಅಡ್ಡಿ! ಕೂಲರನ್ನು ಕಿಟಕಿಗೆ ಸರಿಸಿ, ಅದರ ಗಾಳಿ ನೇರವಾಗಿ ಪೆಟ್ಟಿಗೆಗೆ ಬಡಿಯದಂತೆ ಮಾಡಿದೆವು. ಮಳೆಗಾಲದಲ್ಲಿ ಹೊರಗಿನ ಗಾಳಿಯೇ ತೇವವಾದಾಗ ನೀರು ಇಷ್ಟು ಆರುವುದಿಲ್ಲ. ಆಗ ಕೂಲರಿನ ಉಪಕಾರವೂ ಕಡಿಮೆ.

ಶಕ್ತಿನಗರದ ಕಡೆಗೆ ನೋಡುತ್ತ

ಕೃಷ್ಣೆಯ ದಂಡೆಯ ಉಷ್ಣ ವಿದ್ಯುತ್ ಸ್ಥಾವರದ ಮೊದಲ ಘಟಕ 1985ರಲ್ಲಿ ಶುರುವಾಯಿತು. ಈಗ ಎಂಟು ಘಟಕ, 1,720 ಮೆಗಾವ್ಯಾಟ್. ಇಂಥ ಸ್ಥಾವರಗಳಲ್ಲಿ ಕಲ್ಲಿದ್ದಲಿನ ಶಾಖದಲ್ಲಿ ವಿದ್ಯುತ್ತಾಗುವುದು ಹೆಚ್ಚೂಕಡಿಮೆ ಮೂರನೇ ಒಂದು ಪಾಲು. ಉಳಿದದ್ದನ್ನು ಹೊರಹಾಕಲು ನದಿಯ ನೀರೇ ಬೇಕು. ತಂತಿಯಲ್ಲಿ ಬಂದ ಆ ಒಂದು ಪಾಲೂ ಪ್ರೊಸೆಸರಿನೊಳಗೆ ಹೊಕ್ಕು ಮತ್ತೆ ಶಾಖವೇ ಆಗುತ್ತದೆ. ಎರಡೂ ಕಡೆ ಒಂದೇ ಪೇಚು: ಬಿಸಿ ಹುಟ್ಟಿಸುವುದು ಸುಲಭ, ಸಾಗಹಾಕುವುದು ಕಷ್ಟ.

ಬಗೆಹರಿಯದ್ದು

ರಾಯಚೂರಿನ ಪೆಟ್ಟಿಗೆ ಒಮ್ಮೊಮ್ಮೆ ತಟ್ಟನೆ ಆಫ್ ಆಗುತ್ತದೆ. ಆಗ ಪ್ರೊಸೆಸರ್ 83ರಲ್ಲೇ ಇರುತ್ತದೆ. ಮಿತಿಗೆ ಇನ್ನೂ 17 ಡಿಗ್ರಿ ಬಾಕಿ. ಮನೆಯಲ್ಲೆಲ್ಲ “ಬಿಸಿಲಿಗೆ” ಅನ್ನುತ್ತಾರೆ. ನನಗೆ ನಂಬಿಕೆಯಿಲ್ಲ. ಒಳಗಿನ ಭಾಗಗಳಿಗೆ ಕರೆಂಟ್ ಒದಗಿಸುವ ಎಸ್‌ಎಂಪಿಎಸ್ ಪೆಟ್ಟಿಗೆಯ ತಳದಲ್ಲಿ ಕೂತು ನೆಲದ ಧೂಳನ್ನೇ ಎಳೆಯುತ್ತದೆ. ಅದರ ಬಿಸಿ ಯಾವ ಪರದೆಯ ಮೇಲೂ ಕಾಣುವುದಿಲ್ಲ. ಯುಪಿಎಸ್ ಬ್ಯಾಟರಿಯೂ ಹಳೆಯದು. ಎರಡನ್ನೂ ಒಟ್ಟಿಗೆ ಬದಲಿಸಿದರೆ ಕಳ್ಳ ಯಾರೆಂದು ತಿಳಿಯದೇ ಹೋಗುತ್ತದೆ. ಮೊದಲು ಯುಪಿಎಸ್ ಬಿಟ್ಟು ನೇರ ಕರೆಂಟಿಗೆ ಹಾಕಿ ನೋಡುವುದು. ಆಗಲೂ ನಿಂತರೆ, ಬೇರೆ ಎಸ್‌ಎಂಪಿಎಸ್.