ಡೈವರ್ಷನ್

ಬಸವೇಶ್ವರನಗರದಲ್ಲಿ ಯಾರಿಗಾದರೂ ಮನೆ ದಾರಿ ಹೇಳಬೇಕಾದರೆ ಈಗ ಹಾವನೂರು ಸರ್ಕಲ್, ಪವಿತ್ರಾ ಪ್ಯಾರಡೈಸ್, ಶಂಕರಮಠ ಅಂದರೆ ಸಾಲದು. ಇವತ್ತು ಡೈವರ್ಷನ್ ಎಲ್ಲಿಂದ ಕೊಟ್ಟಿದ್ದಾರೆ ಎಂಬುದೂ ತಿಳಿದಿರಬೇಕು. ನೀರಿನ ಪೈಪಿಗೆ ಅಗೆದ ರಸ್ತೆಗೆ ಟಾರು ಬೀಳುತ್ತಿದ್ದಂತೆ ಒಳಚರಂಡಿಯವರು ಬರುತ್ತಾರೆ. ಅವರು ಮುಚ್ಚಿದ್ದನ್ನು ಕೇಬಲ್‌ನವರು ತೆಗೆಯುತ್ತಾರೆ. ಬ್ಯಾರಿಕೇಡಿಗೆ ತಂತಿಯಲ್ಲಿ ಬಿಗಿದ ‘ಟೇಕ್ ಡೈವರ್ಷನ್’ ಬೋರ್ಡು ಗಾಳಿಗೆ ತಿರುಗಿಕೊಂಡು, ಅದರ ಬಾಣ ಒಮ್ಮೊಮ್ಮೆ ಯಾರದೋ ಕಾಂಪೌಂಡನ್ನೇ ತೋರಿಸುತ್ತಿರುತ್ತದೆ. ಆಟೋದವರಿಗಂತೂ ಇದು ಬಾಯಿಪಾಠ: “ಡೈವರ್ಸನ್ ಕೊಟ್ಟವ್ರೆ ಸಾರ್, ಮೀಟ್ರು ಮೇಲೆ ಇಪ್ಪತ್ತು ಆಗುತ್ತೆ.”

ಪೊಲೀಸ್ ಠಾಣೆಯಲ್ಲಿ ಇದೇ ಮಾತಿಗೆ ಬೇರೆ ಕೆಲಸ. ಬ್ಯಾಂಕಿನಿಂದ ಹೊರಬಂದವರ ಕಾಲ ಬುಡದಲ್ಲಿ ಹತ್ತರ ನಾಲ್ಕು ನೋಟು ಚೆಲ್ಲಿ “ಸಾರ್, ನಿಮ್ ದುಡ್ಡು ಬಿತ್ತು” ಎನ್ನುವುದು, ಅವರು ಬಗ್ಗಿ ಆರಿಸಿಕೊಳ್ಳುವಷ್ಟರಲ್ಲಿ ಕಾರಿನ ಸೀಟಿನ ಮೇಲಿದ್ದ ಬ್ಯಾಗ್ ಎತ್ತಿಕೊಂಡು ಮಾಯವಾಗುವುದು. ಇದಕ್ಕೆ ‘ಅಟೆನ್ಷನ್ ಡೈವರ್ಷನ್’ ಕೇಸು ಅನ್ನುತ್ತಾರೆ. ಲಕ್ಷ ಇದ್ದವನೂ ನಲವತ್ತು ರೂಪಾಯಿಗೆ ಬಗ್ಗುತ್ತಾನೆಂಬ ನಂಬಿಕೆಯ ಮೇಲೆ ನಿಂತ ಕಸುಬು.

ನಮ್ಮ ಮನೆಗಳಲ್ಲಿ ಮಾತ್ರ ಈ ಮಾತು ಬಿದ್ದದ್ದು ಮಕ್ಕಳ ತಲೆ ಮೇಲೆ. 1994ರಲ್ಲಿ ಸಿಇಟಿ ಶುರುವಾದ ಮೇಲೆ, ಸೆಕೆಂಡ್ ಪಿಯುಸಿ ಮಗುವಿದ್ದ ಮನೆಯನ್ನು ಹೊರಗಿನಿಂದಲೇ ಗುರುತಿಸಬಹುದಿತ್ತು. ಟಿವಿ ಸದ್ದಿಲ್ಲ, ಕೇಬಲ್ ವೈರನ್ನು ಸುರುಳಿ ಸುತ್ತಿ ಕಿಟಕಿ ಸರಳಿಗೆ ನೇತುಹಾಕಿದೆ. ಕೇಳಿದರೆ “ಮೈಂಡ್ ಡೈವರ್ಟ್ ಆಗುತ್ತೆ.” ಕ್ರಿಕೆಟ್ಟು, ಸಿನಿಮಾ, ಸೋದರತ್ತೆ ಮಗಳ ಮದುವೆ, ಗಣೇಶನ ಪೆಂಡಾಲಿನ ಆರ್ಕೆಸ್ಟ್ರಾ ಎಲ್ಲವೂ ಆ ಲೆಕ್ಕಕ್ಕೇ. ಇಲ್ಲಿನ ಒಂದು ದೊಡ್ಡ ರಸ್ತೆಗೆ ಸಿದ್ಧಯ್ಯ ಪುರಾಣಿಕರ ಹೆಸರಿದೆ. ಸರ್ಕಾರಿ ಅಧಿಕಾರಿಯಾಗಿ ಫೈಲು ನೋಡುತ್ತಲೇ ‘ಕಾವ್ಯಾನಂದ’ರಾಗಿ ಕವಿತೆ ಬರೆದವರು. ಅದೇ ರಸ್ತೆಯಲ್ಲಿ ನಿಂತು “ಕವಿತೆ ಗಿವಿತೆ ಅಂತ ಡೈವರ್ಟ್ ಆಗ್ಬೇಡ, ಕೆಮಿಸ್ಟ್ರಿ ಓದು” ಎಂದ ಅಪ್ಪಂದಿರು ನಮ್ಮಲ್ಲೇನೂ ಕಡಿಮೆಯಿಲ್ಲ.

ಅರವತ್ತು ದಾಟಿತೋ, ಆ ಬೈಗುಳವೇ ಔಷಧಿ. ರಿಟೈರ್ ಆದವರಿಗೆ, ಹೆಂಡತಿಯನ್ನು ಕಳೆದುಕೊಂಡವರಿಗೆ ಡಾಕ್ಟರು, ಬೀಗರು, ಹಾಲಿನವನು ಎಲ್ಲರೂ ಹೇಳುವುದೊಂದೇ: “ಮೈಂಡ್ ಸ್ವಲ್ಪ ಡೈವರ್ಟ್ ಮಾಡ್ಕೊಳಿ ಸಾರ್.” ಅದಕ್ಕೂ ಅಭ್ಯಾಸ ಬೇಡವೇ? ಪಾರ್ಕಿನ ಗೆಳೆಯರೊಬ್ಬರು ಕೊಳಲು ಕಲಿಯಹೊರಟರು. ಹಲ್ಲಿನ ಸೆಟ್ಟು ಒಪ್ಪಲಿಲ್ಲ. ಮನುಷ್ಯನ ಕಷ್ಟಕ್ಕೆಲ್ಲ ಮೂಲ, ಅವನು ಒಂದು ಕೋಣೆಯಲ್ಲಿ ಸುಮ್ಮನೆ ಕೂರಲಾರದ್ದು ಎಂದು ಫ್ರಾನ್ಸಿನ ಪ್ಯಾಸ್ಕಲ್ ಬರೆದಿಟ್ಟ. ಅದೇ ಪುಣ್ಯಾತ್ಮ 1662ರಲ್ಲಿ ಪ್ಯಾರಿಸ್ಸಿನಲ್ಲಿ ಗೊತ್ತಾದ ದಾರಿ, ಗೊತ್ತಾದ ಚಾರ್ಜಿನ ಕುದುರೆಗಾಡಿ ಸರ್ವೀಸು ಶುರು ಮಾಡಿಸಿದ! ನಮ್ಮ ಹೆಂಗಸರಿಗೆ 2023ರ ಜೂನಿನಿಂದ ಶಕ್ತಿ ಯೋಜನೆ ಇರುವುದರಿಂದ ಡೈವರ್ಷನ್ ಪುಕ್ಕಟೆ. ಬೆಳಿಗ್ಗೆ ತಿಂಡಿ ಮುಗಿಸಿ ಯಾವುದೋ ದೇವಸ್ಥಾನದ ಬಸ್ಸು ಹತ್ತಿರುತ್ತಾರೆ. ಗಂಡಸರು ಕಲ್ಲುಬೆಂಚು ಕಾಯುತ್ತೇವೆ.

ಡೈವರ್ಟ್ ಆಗದ ಮಕ್ಕಳು ಹೇಳಿದ ಹಾಗೇ ನಡೆದುಕೊಂಡರು. ಸಿಇಟಿ, ಇಂಜಿನಿಯರಿಂಗ್, ಜಿಆರ್‌ಇ ಎಂದು ಎಲ್ಲೂ ಅತ್ತಿತ್ತ ನೋಡದೆ ನೆಟ್ಟಗೆ ಡಲ್ಲಾಸ್, ಸಿಯಾಟಲ್ ಸೇರಿದರು. ಭಾನುವಾರದ ವಿಡಿಯೊ ಕಾಲ್‌ನಲ್ಲಿ ವಿಚಾರಿಸುತ್ತಾರೆ: “ಮನೇಲೇ ಕೂತಿರ್ತೀಯಲ್ಲಪ್ಪ, ಎಲ್ಲಾದ್ರೂ ಹೋಗ್ಬಾರ್ದಾ?”

ನಮ್ಮ ರಸ್ತೆಯಲ್ಲಿ ಪೂರ್ತಿ ಡೈವರ್ಟ್ ಆದವನು ಮೂಲೆಮನೆಯವರ ಹುಡುಗ. ಟೆನಿಸ್‌ಬಾಲ್ ಕ್ರಿಕೆಟ್ಟಿಗೆ ಬಿದ್ದು ಪಿಯುಸಿ ಡುಮ್ಕಿ ಹೊಡೆದ. ಈಗ ಕಾಂಡಿಮೆಂಟ್ಸ್ ಅಂಗಡಿ ಇಟ್ಟಿದ್ದಾನೆ. ಗ್ಯಾಸ್ ಸಿಲಿಂಡರ್ ಎತ್ತಿಡಲು ಅವನೇ ಬರಬೇಕು; ಅಪರಾತ್ರಿಯಲ್ಲಿ ಯಾರಿಗಾದರೂ ಎದೆನೋವು ಬಂದರೆ, ಈ ಗುಂಡಿಗಳ ನಡುವೆ ಯಾವ ಅಡ್ಡರಸ್ತೆ ಹಿಡಿದರೆ ಆಸ್ಪತ್ರೆ ಬೇಗ ಸಿಗುತ್ತದೆಂದು ಗೊತ್ತಿರುವುದೂ ಅವನಿಗೇ. ಮೊನ್ನೆ ಅಂಗಡಿ ಮುಂದೆ ಅವನ ಮಗ ಹಲಗೆ ಚೂರು ಹಿಡಿದು ಬ್ಯಾಟಿಂಗ್ ಮಾಡುತ್ತಿದ್ದ. ನಾವು ನಾಲ್ಕೂ ಜನ ಹಿರಿಯರು ಒಟ್ಟಿಗೇ ಬುದ್ಧಿ ಹೇಳಿದೆವು: “ಇವನನ್ನಾದ್ರೂ ಹುಷಾರಾಗಿ ನೋಡ್ಕೊಳ್ಳಪ್ಪ, ಡೈವರ್ಟ್ ಆಗ್ಬಿಟ್ಟಾನು.”

“ಆಯ್ತು ಅಂಕಲ್” ಎಂದು ಅವನು ಕೋಡುಬಳೆ ತೂಗಿದ.