ತಟ್ಟೆಯೊಳಗಿನ ಬಾಕಿ

ಕೆಟ್ಟ ಹಾರ್ಡ್‌ಡಿಸ್ಕು ಹೊರಡಿಸುವ ಸದ್ದಿಗೂ ಗೋಡೆಯ ಮೇಲಿನ ಹಲ್ಲಿ ಲೊಚಗುಟ್ಟುವ ಸದ್ದಿಗೂ ಇರುವ ಸಾದೃಶ್ಯವನ್ನು ಮೊದಲು ಕಂಡುಹಿಡಿದವಳು ನನ್ನ ಮನೆಯಾಕೆ. ರಾಜಾಜಿನಗರದ ನಮ್ಮ ಮನೆಯ ನಡುಮನೆಯಲ್ಲಿ, ಆಷಾಢದ ಒಂದು ಸಂಜೆ, ಮೇಜಿನ ಮೇಲೆ ನಾನು ಹರಡಿಟ್ಟಿದ್ದ ತಂತಿಗಳ ನಡುವಿನಿಂದ ಮೂರು ಬಾರಿ ‘ಟಕ್ ಟಕ್ ಟಕ್’ ಎಂದು ಕೇಳಿಬಂದೊಡನೆ, ಅಡಿಗೆಮನೆಯಲ್ಲಿದ್ದ ಆಕೆ ಅಭ್ಯಾಸಬಲದಿಂದ ಕಟ್ಟೆಯ ಮೇಲೆ ಬೆರಳು ಕುಟ್ಟಿ ‘ಕೃಷ್ಣ ಕೃಷ್ಣ’ ಎಂದಳು. ಹಲ್ಲಿಯ ನುಡಿಯಾದರೆ ಪಂಚಾಂಗವನ್ನು ತೆರೆದು ಫಲವನ್ನು ನೋಡಬಹುದು, ಶುಭವೂ ಉಂಟು, ಅಶುಭವೂ ಉಂಟು. ಡಿಸ್ಕಿನ ನುಡಿಗೆ ಮಾತ್ರ ಒಂದೇ ಫಲ. ಓದುವ ತಲೆಯು ತಾನು ಹಿಡಿಯಬೇಕಾದ ಜಾಡನ್ನು ಕಾಣದೆ, ಹೊರಟಲ್ಲಿಗೇ ಹಿಂದಿರುಗಿ, ಮತ್ತೆ ಹೊರಟು, ಮತ್ತೆ ಹಿಂದಿರುಗುತ್ತಿದೆಯೆಂದು ಅದರ ಅರ್ಥ.

ಇಂಥ ಮುದಿ ಡಿಸ್ಕುಗಳನ್ನು ಮಾತನಾಡಿಸುವುದು ನನ್ನ ಗೀಳು. ಇದರಿಂದ ಸಂಪಾದನೆಯಿಲ್ಲ; ಎಸ್.ಪಿ. ರೋಡಿನ ಹಳೆಯ ಸಾಮಾನಿನ ಅಂಗಡಿಗಳಿಗೆ ನಾನು ತೆತ್ತಿರುವುದನ್ನು ಲೆಕ್ಕ ಹಾಕಿದರೆ ನಷ್ಟವೇ ಸರಿ. ಆದರೂ ಆ ಪುಟ್ಟ ಪೆಟ್ಟಿಗೆಯ ವಿಷಯದಲ್ಲಿ ನನಗಿರುವ ಗೌರವ ಇಂದಿಗೂ ಕುಂದಿಲ್ಲ. ಕನ್ನಡಿಯಂತೆ ಹೊಳೆಯುವ ತಟ್ಟೆ ನಿಮಿಷಕ್ಕೆ 7200 ಸುತ್ತು ತಿರುಗುತ್ತಿರಲು, ಅದರ ಮೇಲೆ, ನಮ್ಮ ಕೂದಲೆಳೆಯ ದಪ್ಪದಲ್ಲಿ ಸಾವಿರಕ್ಕೊಂದು ಪಾಲೂ ಇಲ್ಲದ ಎತ್ತರದಲ್ಲಿ, ತಟ್ಟೆಯನ್ನು ಸೋಕದೆ ತೇಲುತ್ತ ಓದುವ ಆ ತಲೆಯನ್ನು ನೆನೆದರೆ, ಅದು ಕೆಡುವುದು ಆಶ್ಚರ್ಯವಲ್ಲ, ಇಷ್ಟು ವರ್ಷ ಕೆಡದೆ ಇದ್ದುದೇ ಆಶ್ಚರ್ಯವೆಂದು ತೋರುತ್ತದೆ. 1956ರಲ್ಲಿ ಐಬಿಎಂ ಸಂಸ್ಥೆಯವರು ಹೊರತಂದ ಮೊತ್ತಮೊದಲ ಡಿಸ್ಕಿನಲ್ಲಿ 24 ಅಂಗುಲ ವ್ಯಾಸದ 50 ತಟ್ಟೆಗಳಿದ್ದು, ಅಷ್ಟೂ ಸೇರಿ ಹಿಡಿಯುತ್ತಿದ್ದುದು ಸುಮಾರು 5 ಮೆಗಾಬೈಟು. ಮೊಮ್ಮಗಳು ಕಳಿಸುವ ಒಂದು ಭಾವಚಿತ್ರಕ್ಕೆ ಅದು ಸರಿಹೋದೀತು.

ಆ ಸಂಜೆಯ ಡಿಸ್ಕು ನನ್ನದಲ್ಲ. ಬಸವೇಶ್ವರನಗರದ ನನ್ನ ಮಿತ್ರರೊಬ್ಬರು ಬಹುಕಾಲ ಡಿಟಿಪಿ ಅಂಗಡಿ ನಡೆಸಿದವರು. ಲಗ್ನಪತ್ರಿಕೆ, ಗೃಹಪ್ರವೇಶದ ಕರೆಯೋಲೆ, ಗಣೇಶೋತ್ಸವದ ರಸೀದಿ ಪುಸ್ತಕ, ವೈಕುಂಠ ಸಮಾರಾಧನೆಯ ಕಾರ್ಡು, ಹೀಗೆ ಆಸುಪಾಸಿನ ಬಡಾವಣೆಗಳ ಸುಖದುಃಖಗಳೆಲ್ಲ ಅವರ ಕೀಲಿಮಣೆಯ ಮೇಲೆ ಹಾದುಹೋಗಿದ್ದವು. ಅಂಗಡಿ ಮುಚ್ಚಿದಾಗ ಕಂಪ್ಯೂಟರು ಅಟ್ಟ ಸೇರಿತು. ಈಗ ಆಷಾಢದ ಬಿಡುವಿನಲ್ಲಿ, ಮದುವೆಗಳಿಲ್ಲದ ಆ ತಿಂಗಳಿನ ಹಳೆಯ ಚಡಪಡಿಕೆ ಮರುಕಳಿಸಿತೋ ಏನೋ, ಅದನ್ನು ಆಟೋದಲ್ಲಿ ಹೇರಿಕೊಂಡು ನಮ್ಮ ಮನೆಗೆ ತಂದರು. “ಲಗ್ನಪತ್ರಿಕೆಗಳು ಹೋದರೆ ಹೋಗಲಿ, ಇದರಲ್ಲಿ ನನ್ನ ಬಾಕಿ ಪಟ್ಟಿ ಇದೆ, ಅದೊಂದು ಬೇಕು” ಎಂದರು.

ಅವರು ಬರುವ ಮೊದಲೇ ಹಿತೈಷಿಗಳಿಂದ ಚಿಕಿತ್ಸೆಯ ಸಲಹೆ ಬಂದಿತ್ತು. ಡಿಸ್ಕನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಒಂದು ರಾತ್ರಿ ಫ್ರಿಜ್ಜಿನ ಮಂಜುಗಡ್ಡೆಯ ಅರೆಯಲ್ಲಿಟ್ಟರೆ ಜೀವ ಬರುವುದೆಂದು ಯಾರೋ ಹೇಳಿದ್ದರಂತೆ. ದೈವಕೃಪೆಯಿಂದ ಆ ಮನೆಯ ಅರೆಯಲ್ಲಿ ಐಸ್‌ಕ್ರೀಮು ತುಂಬಿದ್ದುದರಿಂದ ಅದು ಸಾಗಲಿಲ್ಲ. ತಣಿದ ತಟ್ಟೆಯ ಮೇಲೆ ಬೆಂಗಳೂರಿನ ಮಳೆಗಾಲದ ಗಾಳಿ ತಗುಲಿದರೆ ಬೆವರು ಹನಿಯುವುದೇ ಹೊರತು ಜೀವ ಬಾರದು.

ಸಾಯುವ ಡಿಸ್ಕಿನ ಮುಂದೆ ಕುಳಿತವನು ಮಾಡಬಾರದ ಕೆಲಸವೆಂದರೆ ಅದನ್ನು ತೆರೆದು ‘ಏನೇನಿದೆ, ನೋಡೋಣ’ ಎಂದು ಹುಡುಕಾಡುವುದು. ರೋಗಿಯ ಉಸಿರು ಎಣಿಕೆಯದಾಗಿರುವಾಗ ಅವನನ್ನು ಕುಶಲಪ್ರಶ್ನೆಗಳಿಂದ ದಣಿಸುವುದು ಎಂಥ ಕ್ರೌರ್ಯವೋ ಇದೂ ಅಂಥದೇ. ಆ 40 ಗಿಗಾಬೈಟಿನ ಡಿಸ್ಕಿನಲ್ಲಿ 512 ಬೈಟುಗಳ ಚಿಕ್ಕ ಕೋಣೆಗಳು 7 ಕೋಟಿ 81 ಲಕ್ಷಕ್ಕೂ ಮಿಗಿಲಾಗಿರುತ್ತವೆ. ಇವುಗಳಲ್ಲಿ ಯಾವುದರಲ್ಲಿ ಏನಿದೆಯೆಂದು ವಿಚಾರಿಸದೆ, ಮೊದಲಿನಿಂದ ಕೊನೆಯವರೆಗೆ ಯಥಾವತ್ತಾಗಿ ಹೊಸ ಡಿಸ್ಕಿಗೆ ನಕಲು ತೆಗೆಯಬೇಕು. ಓದುವುದೇನಿದ್ದರೂ ಆಮೇಲೆ, ನಕಲಿನಲ್ಲಿ. ಲಿನಕ್ಸಿನಲ್ಲಿ ಇದಕ್ಕಾಗಿಯೇ ಡಿಡಿರೆಸ್ಕ್ಯೂ ಎಂಬ ಉಚಿತ ತಂತ್ರಾಂಶವುಂಟು. ಅದರ ನಡತೆ ಬಹು ಸಭ್ಯವಾದುದು. ಸುಲಭವಾಗಿ ಸಿಕ್ಕುವುದನ್ನೆಲ್ಲ ಮೊದಲು ಸೇದಿಕೊಂಡು, ಎಡವಿದಲ್ಲಿ ಹಟ ಹಿಡಿಯದೆ ದಾಟಿಹೋಗಿ, ಬಳಿಕ ಹಿಂದಿನಿಂದ ಮುಂದಕ್ಕೆ ಬಂದು, ಕಟ್ಟಕಡೆಗೆ ಕೆಟ್ಟ ಜಾಗಗಳ ಅಂಚುಗಳನ್ನು ಕೆರೆದು ನೋಡುತ್ತದೆ. ಪಕ್ಕದಲ್ಲಿ ಒಂದು ಕಡತವನ್ನಿಟ್ಟುಕೊಂಡು, ದೊರೆತುದಕ್ಕೆ ಕೂಡುವ ಗುರುತನ್ನೂ ಕೆಟ್ಟುದಕ್ಕೆ ಕಳೆಯುವ ಗುರುತನ್ನೂ ಇನ್ನೂ ಮುಟ್ಟದುದಕ್ಕೆ ಪ್ರಶ್ನಾರ್ಥಕವನ್ನೂ ಹಾಕುತ್ತ ಹೋಗುತ್ತದೆ. ಎರಡನೆಯ ದಿನ ಮಳೆ ಬಂದು ಕರೆಂಟು ಹೋಯಿತು. ಬಂದಮೇಲೆ ಆ ಕಡತವನ್ನು ನೋಡಿ, ಬಿಟ್ಟಲ್ಲಿಂದಲೇ ಮುಂದುವರಿಯಿತು. ಮೂರು ದಿನ ನಾನು ಮಾಡಿದ್ದು ಕಾಫಿ ಕುಡಿದದ್ದು, ಡಿಸ್ಕಿನ ಬೆನ್ನ ಮೇಲೆ ಕೈಯಿಟ್ಟು ಬಿಸಿ ನೋಡಿದ್ದು, ಬಿಸಿಯೇರಿದಾಗ ಮೇಜುಫ್ಯಾನನ್ನು ಅತ್ತ ತಿರುಗಿಸಿದ್ದು, ಇಷ್ಟೇ. ಈ ಗೀಳಿನ ಸುಖವೂ ಮುಕ್ಕಾಲುಪಾಲು ಇಷ್ಟರಲ್ಲೇ ಇದೆ.

ನಕಲೇನೋ ಬಂತು, ಆದರೆ ಕಡತಗಳ ಹೆಸರು-ವಿಳಾಸಗಳನ್ನು ಬರೆದಿಟ್ಟಿದ್ದ ಭಾಗವೇ ಕೆಟ್ಟುಹೋಗಿತ್ತು. ಹೀಗಾದಾಗ ಕಡತಗಳನ್ನು ಮುಖಲಕ್ಷಣದಿಂದ ಗುರುತಿಸಬೇಕಾಗುತ್ತದೆ. ಫೋಟೋರೆಕ್ ಎಂಬ ತಂತ್ರಾಂಶ ಇದರಲ್ಲಿ ಸಾಮುದ್ರಿಕ ಬಲ್ಲದ್ದು: ಪ್ರತಿಯೊಂದು ಜಾತಿಯ ಕಡತವೂ ತನ್ನದೇ ಆದ ಕೆಲವು ಅಂಕಾಕ್ಷರಗಳಿಂದ ಆರಂಭವಾಗುವುದರಿಂದ, ಅವನ್ನು ಕಂಡಲ್ಲಿ ‘ಇಲ್ಲೊಂದು ಚಿತ್ರ, ಇಲ್ಲೊಂದು ಪತ್ರ’ ಎಂದು ಎತ್ತಿಕೊಡುತ್ತದೆ. ಹಳೆಯ ವರ್ಡ್ ಕಡತದ ಹಣೆಬರಹವನ್ನು ಡಿ, ಸೊನ್ನೆ, ಸಿ, ಎಫ್, ಒಂದು, ಒಂದು, ಇ ಎಂದು ಇಂಗ್ಲಿಷಿನಲ್ಲಿ ಬರೆದರೆ ‘ಡಾಕ್‌ಫೈಲ್’ ಎಂದು ಕಣ್ಣಿಗೆ ಓದಿಸಿಕೊಳ್ಳುತ್ತದೆ. ಯಾವನೋ ಎಂಜಿನಿಯರನ ವಿನೋದ. ಹೀಗೆ ಎತ್ತಿದ ಕಡತಗಳಿಗೆ ಹೆಸರಿಲ್ಲ, ತಟ್ಟೆಯಲ್ಲಿ ದೊರೆತ ಕೋಣೆಯ ಸಂಖ್ಯೆಯೇ ಹೆಸರು. ಮನೆಗಳೆದ್ದು ಜನ ನೆಲಸಿದ ಮೇಲೂ ದಾಖಲೆಯಲ್ಲಿ ಉಳಿಯುವ ಸರ್ವೆ ನಂಬರಿನ ಹಾಗೆ.

ಲಗ್ನಪತ್ರಿಕೆಗಳು ಚೆನ್ನಾಗಿಯೇ ಬಂದವು. ಮುದ್ರಣಾಲಯಕ್ಕೆ ಕಳಿಸುವ ಮುನ್ನ ಅಕ್ಷರಗಳನ್ನೆಲ್ಲ ರೇಖೆಗಳಾಗಿ ಪರಿವರ್ತಿಸುವ ಪದ್ಧತಿಯಿದ್ದುದರಿಂದ, ‘ಚಿ||’, ‘ಸೌ||’ಗಳೂ ‘ಆಶೀರ್ವಾದವೇ ಉಡುಗೊರೆ’ಯೂ ಚಿತ್ರಗಳಾಗಿ ನಿಂತಿದ್ದವು. ಬಾಕಿ ಪಟ್ಟಿಯನ್ನು ತೆರೆದರೆ, ಕೊಂಬು ಚುಕ್ಕೆಗಳನ್ನು ಹೊತ್ತ ರೋಮನ್ ಅಕ್ಷರಗಳ ಒಂದು ಕಾಡು.

ಕನ್ನಡಿಗನಿಗೆ ಎರಡನೆಯ ಉದ್ಧಾರಕಾರ್ಯ ತೊಡಗುವುದು ಇಲ್ಲಿಂದ. ಇಂಗ್ಲಿಷಿನಲ್ಲಷ್ಟೇ ಬರೆದಿಟ್ಟವರಿಗೆ ಈ ಪಾಡಿಲ್ಲ. 1998ರ ‘ಬರಹ’, ಅದರ ತರುವಾಯ ಕನ್ನಡ ಗಣಕ ಪರಿಷತ್ತಿನ ‘ನುಡಿ’, ಇವೆಲ್ಲ ನಮ್ಮ ಲಿಪಿಯನ್ನು ಕಂಪ್ಯೂಟರಿನಲ್ಲಿ ನೆಲೆಗೊಳಿಸಿದ ಪುಣ್ಯವಂತ ತಂತ್ರಾಂಶಗಳು; ಆದರೆ ಆ ಕಾಲದ ಕನ್ನಡವು ರೋಮನ್ ಸಂಕೇತಗಳ ಮೇಲೆ ಹೊದಿಸಿದ ವೇಷವಾಗಿತ್ತು. ‘ನುಡಿ 01 ಇ’ ಎಂಬ ಅಕ್ಷರಶೈಲಿ ಎದುರಿಗಿಲ್ಲದಿದ್ದರೆ ವೇಷ ಕಳಚಿಬೀಳುತ್ತದೆ. ಹಿಂದಿನ ವಿದ್ವಾಂಸರು ಕಂಠದಿಂದ ಕೊರೆದ ಓಲೆಗರಿಗೆ ಸೊಪ್ಪಿನ ರಸವನ್ನೋ ಮಸಿಯನ್ನೋ ಬಳಿದು ಅಕ್ಷರಗಳನ್ನು ಮೇಲೆಬ್ಬಿಸುತ್ತಿದ್ದಂತೆ, ನಾವು ಯೂನಿಕೋಡಿಗೆ ಪರಿವರ್ತಿಸುವ ತಂತ್ರಾಂಶವನ್ನು ಬಳಿಯುತ್ತೇವೆ. ಆಗಲೂ ಅರ್ಕಾವತ್ತು ಕಾಡದೆ ಬಿಡದು. ಕೈಬರಹದಂತೆ ಹಳೆಯ ಸಂಕೇತದಲ್ಲಿ ಅದು ಅಕ್ಷರದ ನಂತರ ಬರುತ್ತದೆ, ಯೂನಿಕೋಡಿನಲ್ಲಿ ಉಚ್ಚಾರದಂತೆ ಮೊದಲು ಬರುತ್ತದೆ. ಪರಿವರ್ತಕ ಸ್ವಲ್ಪ ಎಚ್ಚರ ತಪ್ಪಿದರೆ ‘ವರ್ಷ’ ಹೋಗಿ ‘ವಷರ್’ ಆಗುತ್ತದೆ. ನಮ್ಮ ಮಿತ್ರರ ಪಟ್ಟಿಯಲ್ಲಿ ಪ್ರತಿಯೊಂದು ಹೆಸರಿನೆದುರಿಗೂ ‘ಅಧರ್ ಬಾಕಿ’ ಎಂದಿತ್ತು. ಅಧರನೆಂಬ ಈ ಮಹಾಶಯ ಯಾರೆಂದು ಅವರೇ ಗಾಬರಿಯಾಗಿ ಕೇಳಿದರು. ‘ಅರ್ಧ ಬಾಕಿ’ ಎಂದು ತಿದ್ದುತ್ತ ತಿದ್ದುತ್ತ ಒಂದು ಮಧ್ಯಾಹ್ನ ಕಳೆಯಿತು.

ಪಟ್ಟಿಯನ್ನು ಅವರು ಕನ್ನಡಕ ಏರಿಸಿ ಮೇಲಿನಿಂದ ಕೆಳಗಿನವರೆಗೂ ಓದಿದರು. “ಇವರು ಕೆಂಗೇರಿಗೆ ಹೋದರು, ಇವರು ತೀರಿಕೊಂಡರು, ಇವರ ಮಗನ ಮದುವೆಯ ಪತ್ರಿಕೆಯನ್ನೂ ನಾನೇ ಮಾಡಿದೆ, ಅದೂ ಅರ್ಧ ಬಾಕಿ” ಎಂದು ನಕ್ಕರು. ಯಾರಿಗೂ ಫೋನು ಮಾಡಿದಂತೆ ಕಾಣೆ. ಹೊರಡುವಾಗ ಪಟ್ಟಿಯ ಜತೆಗೆ ಲಗ್ನಪತ್ರಿಕೆಗಳನ್ನೂ ಪೆನ್‌ಡ್ರೈವಿಗೆ ತುಂಬಿಸಿಕೊಂಡರು.

ನಿಮ್ಮ ಅಟ್ಟದ ಮೇಲೂ ಇಂಥದೊಂದು ಪೆಟ್ಟಿಗೆ ಇದ್ದೀತು. ಈ ಲೇಖನವನ್ನೋದಿ ‘ಇನ್ನೂ ನಡೆಯುತ್ತದೆಯೇ ನೋಡೋಣ’ ಎಂದು ದಯವಿಟ್ಟು ಸ್ವಿಚ್ಚು ಒತ್ತಬೇಡಿ. ಡಿಸ್ಕನ್ನು ಕಂಪ್ಯೂಟರಿನಿಂದ ಬಿಚ್ಚಿ ತೆಗೆದು, ಜೋಪಾನವಾಗಿ ಬಲ್ಲವರೊಬ್ಬರ ಬಳಿಗೆ ಒಯ್ಯಿರಿ. ಮೊದಲು ನಕಲು ತೆಗೆಯಿರೆಂದು ಹೇಳಿರಿ.