ಚಳ್ಳಕೆರೆ ಮರುಭೂಮಿಯಾ?

ನಮ್ಮ ಹಾಸ್ಟೆಲ್ ರೂಮಲ್ಲಿ ಇರೋದು ಮೂರು ಜನ. ಒಬ್ಬ ಆಗುಂಬೆ ಕಡೆಯವನು, ಒಬ್ಬ ಬೆಂಗಳೂರಿನವನು, ಇನ್ನೊಬ್ಬ ಚಳ್ಳಕೆರೆಯವನು. "ಏನ್ ಮಗಾ, ನಿಮ್ಮೂರಲ್ಲಿ ಒಂಟೆ ಬಾಡಿಗೆಗೆ ಸಿಗುತ್ತಾ?" ಅಂತ ಚಳ್ಳಕೆರೆಯವನ ಕಾಲೆಳೆಯೋದು ನಮಗೆ ಮೊದಲ ಸೆಮಿಸ್ಟರ್‌ನಿಂದ ರೂಢಿ. ಅವನೂ ನಗ್ತಿದ್ದ. ಈ ಸಲ ಊರಿಂದ ಬಂದವನು ನಗಲಿಲ್ಲ. ಶೇಂಗಾ ಕಾಯಿ ಕಟ್ಟೋ ಹೊತ್ತಿಗೆ ಮಳೆ ಕೈಕೊಟ್ಟಿತ್ತು.

"ನಮ್ಮೂರು ಮರುಭೂಮಿ ಹೌದೋ ಅಲ್ವೋ, ಲೆಕ್ಕ ಹಾಕೇ ನೋಡೋಣ" ಅಂದ. ಕೂತೆವು.

ವರ್ಷಕ್ಕೆ 250 ಮಿ.ಮೀ.ಗಿಂತ ಕಡಿಮೆ ಮಳೆಯಾದರೆ ಮರುಭೂಮಿ, 250ರಿಂದ 500ರವರೆಗೆ ಅರೆಶುಷ್ಕ ಪ್ರದೇಶ. ಇದು ಸ್ಥೂಲ ಲೆಕ್ಕ. ಮರಳು, ಬಿಸಿಲು ಇರಲೇಬೇಕಂತಿಲ್ಲ, ಹಿಮ ತುಂಬಿದ ಅಂಟಾರ್ಕ್ಟಿಕಾ ಕೂಡ ಮರುಭೂಮಿಯೇ. ಆದರೆ ಎಷ್ಟು ಬಿತ್ತು ಅನ್ನೋದರಷ್ಟೇ ಎಷ್ಟು ಆವಿಯಾಗುತ್ತೆ ಅನ್ನೋದೂ ಮುಖ್ಯ. ಅದಕ್ಕೇ ಕೊಪ್ಪೆನ್ ಪದ್ಧತಿಯಲ್ಲಿ ಊರಿನ ಸರಾಸರಿ ಉಷ್ಣಾಂಶವನ್ನು 20ರಿಂದ ಗುಣಿಸಿ, ಮಳೆ ವರ್ಷವಿಡೀ ಹಂಚಿ ಬಿದ್ದರೆ 140, ಶೇ. 70ರಷ್ಟು ಬೇಸಿಗೆಯ ಆರು ತಿಂಗಳಲ್ಲೇ ಬಿದ್ದರೆ 280 ಕೂಡಿಸ್ತಾರೆ. ಮಳೆ ಆ ಮಿತಿಗಿಂತ ಕಡಿಮೆಯಿದ್ದರೆ ಒಣನಾಡು, ಅರ್ಧಕ್ಕಿಂತಲೂ ಕಡಿಮೆಯಿದ್ದರೆ ಮರುಭೂಮಿ.

ಸರಾಸರಿ 26 ಡಿಗ್ರಿ ಅಂತ ಹಿಡಿದೆವು. ಮಿತಿ 660 ಅಥವಾ 800, ಅದರ ಅರ್ಧ 330 ಅಥವಾ 400. ಚಳ್ಳಕೆರೆಯಲ್ಲಿ ಬೀಳೋದು ಸುಮಾರು 450ರಿಂದ 500. ಯಾವ ಲೆಕ್ಕದಲ್ಲೂ ಮರುಭೂಮಿಯಲ್ಲ, ಅರೆಶುಷ್ಕ ಹುಲ್ಲುಗಾವಲು.

"ಗೆದ್ದೆ ಬಿಡೋ" ಅಂದ್ವಿ. ಅವನು ಫೋನಲ್ಲಿ ಅಮೃತಮಹಲ್ ಕಾವಲಿನ ಫೋಟೋ ತೋರಿಸಿದ. "ಇದನ್ನ ನೋಡಿದೋರೆಲ್ಲ ಬರಡು ಜಾಗ ಅಂತಾರೆ. ನಮ್ಮ ಕಡೆ ಕುರಿ ಮೇಯೋದು ಇಲ್ಲೇ, ಕಂಬಳಿಗೆ ಉಣ್ಣೆ ಬರೋದು ಆ ಕುರಿಗಳಿಂದ್ಲೇ. ಕೃಷ್ಣಮೃಗ ಇರೋದೂ ಇಂಥ ಹುಲ್ಲಲ್ಲೇ, ಕಾಡಲ್ಲಲ್ಲ."

ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಹೇಳಿದ: "ಸರಾಸರಿ 500 ಅಂತ ಬರ್ಕೊಂಡ್ರಿ, ಸರಿ. ನಮ್ಮಪ್ಪಂಗೆ ಬೇಕಿದ್ದಿದ್ದು ಆ ಒಂದು ವಾರದಲ್ಲಿ ಒಂದೇ ಒಂದು ಹದ ಮಳೆ."

ಆಗುಂಬೆಯಲ್ಲಿ ವರ್ಷಕ್ಕೆ 7000 ಮಿ.ಮೀ. ದಾಟುತ್ತೆ. ಅಲ್ಲಿಂದ ಬಂದ ನಮ್ಮ ಗೆಳೆಯನಿಗೆ ಒಂದು ಮಳೆಯನ್ನ ಕಾಯೋದು ಅಂದ್ರೇನು ಅಂತ ಗೊತ್ತೇ ಇರಲಿಲ್ಲ. ನಲ್ಲಿ ತಿರುಗಿಸಿ ಬೆಳೆದ ಬೆಂಗಳೂರಿನವನಿಗೂ ಅಷ್ಟೆ.

ಒಂಟೆ ಮಾತು ಆಮೇಲೆ ನಮ್ಮ ರೂಮಲ್ಲಿ ಬಂದಿಲ್ಲ. ಈಗ ರಾತ್ರಿ ಇಲ್ಲಿ ಹನಿ ಬಿದ್ದರೆ ನಾವು ಮೊದಲು ಅವನನ್ನೇ ಕೇಳ್ತೀವಿ: "ನಿಮ್ಮೂರಲ್ಲಿ ಬಂತಂತಾ?"